ಹಿಡಿದವರೇ ಇಟ್ಟುಕೊಳ್ಳುವ ಹಾಗಿಲ್ಲ

ಮಾನ್ಯ ಸಂಪಾದಕರೇ,

ನಮ್ಮೂರ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಾರೆ. 2023ರಲ್ಲಿ ಸರ್ಕಾರ ಇದನ್ನು ಶುರು ಮಾಡಿಸಿದಾಗ ನನಗೆ ಖುಷಿಯಾಗಿತ್ತು. ಆರನೇ ಕ್ಲಾಸಿನ ಮೊಮ್ಮಗಳಿಗೆ ಈಗ ಅದು ಬಾಯಿಪಾಠ. ಓದಿಸಲಿ, ಬೇಡ ಅನ್ನಲ್ಲ. ಆದರೆ ಹೋದ ತಿಂಗಳು ನಡೆದ ಒಂದು ಸಂಗತಿಯಿಂದ, ಪೀಠಿಕೆಯ ಹತ್ತಿರವೇ ನಿಂತುಬಿಟ್ಟಿದ್ದೇವೆ ಅನ್ನಿಸಿದೆ.

ರಾತ್ರಿ ಒಂಬತ್ತೂವರೆ ಇರಬಹುದು. ನಮ್ಮ ಮನೆಗೆ ಹಾಲು ಹಾಕುವ ಹೆಂಗಸು ಅಳುತ್ತಾ ಬಂದರು. ಯಾವುದೋ ಬೈಕ್ ಕಳ್ಳತನದ ವಿಷಯಕ್ಕೆ ಮಗನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾರೆ, ಮೇಷ್ಟ್ರು ಬಂದು ಒಂದು ಮಾತು ಹೇಳಬೇಕು ಅಂದರು. ಆ ಹುಡುಗ ನನ್ನ ಹತ್ತಿರವೇ ಓದಿದವನು. ಹೋದೆ. ಹುಡುಗ ಮೂಲೆಯ ಬೆಂಚಿನ ಮೇಲೆ ಚಪ್ಪಲಿ ಇಲ್ಲದೆ ಕೂತಿದ್ದ. ರೈಟರ್ ಮರ್ಯಾದೆಯಿಂದಲೇ ಕುರ್ಚಿ ಕೊಟ್ಟರು. "ಅರೆಸ್ಟ್ ಏನಿಲ್ಲ ಮೇಷ್ಟ್ರೇ, ಸುಮ್ನೆ ವಿಚಾರಣೆಗೆ ಕರೆಸಿದ್ದೀವಿ" ಅಂದರು. ಸರಿ ಎಂದು ತಲೆಯಾಡಿಸಿ, ಆ ತಾಯಿಗೆ ಸಮಾಧಾನ ಹೇಳಿ ಮನೆಗೆ ಬಂದು ಮಲಗಿದೆ.

ಆ "ಸುಮ್ನೆ ವಿಚಾರಣೆ" ಎರಡು ರಾತ್ರಿ ನಡೆಯಿತು. ಮೂರನೇ ದಿನ ಬೆಳಿಗ್ಗೆ ಪೇಟೆಯಿಂದ ಒಬ್ಬ ವಕೀಲ ಬಂದ. ಅವನೂ ನನ್ನ ಹಳೇ ವಿದ್ಯಾರ್ಥಿಯೇ. ಕೂಗಾಡಲಿಲ್ಲ, ಎರಡೇ ಪ್ರಶ್ನೆ ಕೇಳಿದ: "ಎಷ್ಟು ಗಂಟೆಗೆ ಕರ್ಕೊಂಡು ಬಂದ್ರಿ? ನೋಟಿಸ್ ಕೊಟ್ಟಿದ್ದೀರಾ?" ಅರ್ಧ ಗಂಟೆಯಲ್ಲಿ ಹುಡುಗ ಮನೆಯಲ್ಲಿದ್ದ. ಆ ಬೈಕಿಗೂ ಅವನಿಗೂ ಸಂಬಂಧ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಅದು ಬೇರೆ ಮಾತು ಬಿಡಿ. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಆ ಎರಡು ಪ್ರಶ್ನೆ ಹೊಳೆಯಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತಿದೆ.

ಆ ಪ್ರಶ್ನೆಗಳ ಬೇರು ಸಂವಿಧಾನದ 22ನೇ ವಿಧಿಯಲ್ಲಿದೆ. ಬಂಧಿಸಿದರೆ ಯಾಕೆ ಎಂದು ಹೇಳಬೇಕು. ತನಗೆ ಬೇಕಾದ ವಕೀಲರ ಹತ್ತಿರ ಮಾತಾಡಲು ಬಿಡಬೇಕು. ಕೋರ್ಟಿನವರೆಗಿನ ಪ್ರಯಾಣಕ್ಕೆ ಬೇಕಾಗುವ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು. ಬರೀ ವಿಚಾರಣೆಗೆ ಕರೆಯುವುದಾದರೆ, ಅದಕ್ಕೂ ನೋಟಿಸ್ ಕೊಡುವ ಕ್ರಮವನ್ನು ಕಾನೂನು ಹೇಳಿದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದು ಗೆರೆ ಎಳೆಯುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಅದರ ಬದಲು ಈ 24 ಗಂಟೆಯ ಕಥೆ ಹೇಳಿದ್ದರೆ ಸಾಕಿತ್ತು. ಹಿಡಿಯುವುದು ಪೊಲೀಸರ ಕೆಲಸ. ಹಿಡಿದವನನ್ನು ಇಟ್ಟುಕೊಳ್ಳಬಹುದೋ ಬಿಡಬೇಕೋ ಎನ್ನುವುದು ಅವರ ಕೈಯಲ್ಲಿಲ್ಲ. ಅದನ್ನು ಹೇಳಲು ಇನ್ನೊಬ್ಬರು, ಇನ್ನೊಂದು ಕಟ್ಟಡದಲ್ಲಿ ಕೂತಿರುತ್ತಾರೆ.

ಈ ವಿಧಿ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಅವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನ ಆರಿಸಿದ ಸಭೆ ಮಾಡಿದ ಕಾನೂನನ್ನು ಜಡ್ಜುಗಳು ನ್ಯಾಯವೋ ಅಲ್ಲವೋ ಎಂದು ತೂಗುತ್ತಾ ಕೂರುವುದು ಸರಿಯಲ್ಲ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಕೊನೆಗೆ ಜೀವ, ಸ್ವಾತಂತ್ರ್ಯದ 21ನೇ ವಿಧಿಯಲ್ಲಿ "ಡ್ಯೂ ಪ್ರೋಸೆಸ್", ಅಂದರೆ ನ್ಯಾಯವಾದ ಕ್ರಮ, ಎಂಬ ಮಾತು ಹೋಗಿ, ಕಾನೂನು ಗೊತ್ತುಮಾಡಿದ ಕ್ರಮ ಎಂಬ ಮಾತು ಬಂತು. ಹಾಗಾದರೆ ಎಂಥ ಕಾನೂನು ಮಾಡಿ ಬೇಕಾದರೂ ಒಳಗೆ ಹಾಕಬಹುದಲ್ಲ ಎಂದು ಸಭೆಯಲ್ಲಿ ಹಲವರಿಗೆ ಕಸಿವಿಸಿ. 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ 15ಎ ಎಂಬ ಹೊಸ ವಿಧಿ ತಂದರು. ಅಲ್ಲಿ ಕಳೆದದ್ದಕ್ಕೆ ಇದು ಪರಿಹಾರ ಎಂದು ಅವರೇ ಹೇಳಿದರು. ಅದೇ ಈಗಿನ 22. ಕಾರಣ ಹೇಳುವುದು, 24 ಗಂಟೆಯಲ್ಲಿ ಹಾಜರು ಮಾಡುವುದು ಮೊದಲೇ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿತ್ತು. ಆದರೆ ಕೋಡ್‌ನಲ್ಲಿದ್ದದ್ದನ್ನು ಶಾಸನಸಭೆ ಯಾವತ್ತು ಬೇಕಾದರೂ ತೆಗೆಯಬಹುದು. ಸಂವಿಧಾನಕ್ಕೆ ಸೇರಿಸಿದರೆ ಹಾಗೆ ತೆಗೆಯಲಾಗದು.

ಅದೇ ವಿಧಿಯಲ್ಲಿ ಒಂದು ಕಿಂಡಿಯೂ ಇದೆ. ಮುಂದೆ ಏನಾದರೂ ಮಾಡಿಯಾನು ಎಂದು ಮೊದಲೇ ಹಿಡಿದಿಡುವ ಮುಂಜಾಗ್ರತೆಯ ಬಂಧನಕ್ಕೆ ಈ 24 ಗಂಟೆ ಲೆಕ್ಕವಿಲ್ಲ. ಇಂಥ ಬಂಧನ ಸರಿಯೋ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಹೋಗದೆಯೇ ಮೂರು ತಿಂಗಳವರೆಗೆ ಇಡಬಹುದು. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ.

ಆ ಕಿಂಡಿ ಎಷ್ಟು ಅಗಲವಾಗಬಹುದು ಎಂದು ನೋಡಬೇಕಾದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ. ಈಗ ಜನ ಧರಣಿ ಕೂರುವ ಆ ಜಾಗ ಆಗ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು. 1975ರ ಜೂನ್ 26ರಂದು ಅವರನ್ನು ಹಿಡಿದು ಅಲ್ಲಿಗೇ ಹಾಕಿದರು. ಬಂಧನ ಪ್ರಶ್ನಿಸಿದ ಇಂಥವರ ಅರ್ಜಿಗಳನ್ನು ಕೇಳಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಸುಪ್ರೀಂ ಕೋರ್ಟ್ ಮಾತ್ರ 1976ರ ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿ ಇರುವ ತನಕ ಕೇಳುವ ಹಾಗಿಲ್ಲ ಎಂದಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದಾಗಿತ್ತು. ಸರ್ಕಾರ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಕೂರಿಸಿತು. ಅವರು ರಾಜೀನಾಮೆ ಕೊಟ್ಟು ಹೋದರು.

ಆಮೇಲೆ 1978ರಲ್ಲಿ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿಯಲ್ಲೂ 20, 21ನೇ ವಿಧಿಗಳನ್ನು ಅಮಾನತಿನಲ್ಲಿಡುವ ಹಾಗಿಲ್ಲ ಎಂದಾಯಿತು. 1976ರ ಆ ತೀರ್ಪನ್ನೇ ತಪ್ಪು ಎಂದು ಸುಪ್ರೀಂ ಕೋರ್ಟ್ ಅಳಿಸಿದ್ದು 2017ರಲ್ಲಿ, ಖಾಸಗಿತನದ ಕೇಸಿನಲ್ಲಿ. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದವರು! ಹಳೇ ತೀರ್ಪು ತಪ್ಪು ಎಂದು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತಂದೆಯೇ, 1976ರಲ್ಲಿ ಅದನ್ನು ಕೊಟ್ಟ ನಾಲ್ವರಲ್ಲಿ ಒಬ್ಬರು. ಇಂಥ ಕಥೆ ಕೇಳಿದರೆ ಯಾವ ಮಗು ಆಕಳಿಸುತ್ತದೆ ಹೇಳಿ?

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ. ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂದು. ಅಂದರೆ ನಮ್ಮ ಹಾಲಿನವರ ಮಗನಂಥವನಿಗೆ ಕನ್ನಡದಲ್ಲಿ. ಇದು ಎಷ್ಟು ಜನಕ್ಕೆ ಗೊತ್ತಿದೆ?

ಶಿಕ್ಷಣ ಇಲಾಖೆಗೂ ಪಂಚಾಯಿತಿಗಳಿಗೂ ನನ್ನ ಕೋರಿಕೆ ಇಷ್ಟೇ. ಪೀಠಿಕೆ ಬರೆಸಿದ ಗೋಡೆಯಲ್ಲಿ ಅದರ ಕೆಳಗೆ ಇನ್ನೂ ಜಾಗ ಇರುತ್ತದೆ. ಅಲ್ಲಿ 22ನೇ ವಿಧಿಯ ಮೊದಲ ಎರಡು ಖಂಡಗಳನ್ನು ಆಡುಮಾತಿನ ಕನ್ನಡದಲ್ಲಿ ಬರೆಸಿ. ಪಕ್ಕದಲ್ಲಿ ಉಚಿತ ಕಾನೂನು ನೆರವಿನ 15100 ನಂಬರನ್ನೂ ಹಾಕಿಸಿ. ನಮ್ಮೂರ ಶಾಲೆಯ ಗೋಡೆಗೆ ಪೇಂಟಿನ ಖರ್ಚು ನನ್ನದು. ಹೆಡ್‌ಮಾಸ್ಟರರನ್ನು ಕೇಳಿದ್ದೇನೆ. ಮೇಲಿನವರು ಒಪ್ಪಿದರೆ ಬರೆಸೋಣ ಅಂದಿದ್ದಾರೆ.

– ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತುಮಕೂರು ಜಿಲ್ಲೆ