ನಾಲ್ಕು ರನ್‌ಫ್ಲ್ಯಾಟ್‌ಗೆ ದುಡ್ಡು, ಹಾಕಿದ್ದು ಎರಡೇ: ಟೈರ್ ಶೋರೂಮಿಗೆ ಬರೆದ ದೂರು

ಶೋರೂಮ್ ಮ್ಯಾನೇಜರ್ ಅವರಿಗೆ,

ವಿಷಯ: ನಮ್ಮ ಬಿಎಂಡಬ್ಲ್ಯೂ ಎಕ್ಸ್5 ಗಾಡಿಗೆ ಆರ್ಡರ್ ಮಾಡಿದ್ದು ಬಿಟ್ಟು ಬೇರೆ ಟೈರ್ ಹಾಕಿರುವ ಬಗ್ಗೆ

ನಮಸ್ಕಾರ ಸರ್. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು. ಪ್ರತಿ ಸಲ "ಚೆಕ್ ಮಾಡಿ ಹೇಳ್ತೀವಿ ಸರ್" ಅಂತೀರಿ, ಆಮೇಲೆ ಸುದ್ದಿಯೇ ಇಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಫೋಟೋಗಳೂ ಜೊತೆಗಿವೆ. ವಿಷಯ ಇಷ್ಟೇ. ನಾಲ್ಕು ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರಿಗೆ ಅಂತ ಲಕ್ಷದ ಮೇಲೆ ದುಡ್ಡು ತಗೊಂಡು, ಮುಂದೆ ಎರಡು ರನ್‌ಫ್ಲ್ಯಾಟ್, ಹಿಂದೆ ಎರಡು ಸಾದಾ ಟೈರ್ ಹಾಕಿ ಕಳಿಸಿದ್ದೀರಿ. ಹಿಂದಿನ ಎರಡನ್ನು ವಾಪಸ್ ತಗೊಂಡು ಸರಿಯಾದದ್ದು ಹಾಕಿಕೊಡಬೇಕು.

ನಮ್ಮದು 2017ರ ಡೀಸೆಲ್ ಗಾಡಿ, ನಾಲ್ಕೂ ಚಕ್ರಕ್ಕೆ ಪವರ್ ಹೋಗುವಂಥದ್ದು. ಅದರಲ್ಲಿ ಇದ್ದದ್ದು 255/50 ಆರ್19, 107 ಡಬ್ಲ್ಯೂ, ಎಕ್ಸ್‌ಎಲ್, ರನ್‌ಫ್ಲ್ಯಾಟ್. 255/50 ಆರ್19 ಅನ್ನುವುದು ಸೈಜ್, 107 ಅದು ಹೊರುವ ಭಾರದ ಲೋಡ್ ನಂಬರ್, ಡಬ್ಲ್ಯೂ 270ರ ತನಕದ ಸ್ಪೀಡಿನ ಅಕ್ಷರ, ಎಕ್ಸ್‌ಎಲ್ ಅಂದರೆ ಹೆಚ್ಚು ಭಾರ ಹೊರುವ ಟೈರ್. ಹಿಂದೆ ಮುಂದೆ ಒಂದೇ ಸೈಜ್. ಇದನ್ನು ನಾನು ಬರೀ ಬಾಯಲ್ಲಿ ಹೇಳಿ ಬಂದಿಲ್ಲ. ಹಳೆ ಟೈರಿನ ಸೈಡ್‌ವಾಲ್ (ಅಕ್ಷರ ನಂಬರ್ ಬರೆದಿರುವ ಪಕ್ಕದ ಭಾಗ) ಫೋಟೋ ತೆಗೆದು ನಿಮ್ಮ ಸೇಲ್ಸ್ ಹುಡುಗನಿಗೆ ವಾಟ್ಸಾಪ್ ಮಾಡಿದ್ದೆ. "ಓಕೆ ಸರ್, ಸೇಮ್ ಟೈರ್" ಅಂತ ಉತ್ತರ ಬಂದಿದೆ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ, ಅದರ ಸ್ಕ್ರೀನ್‌ಶಾಟನ್ನೂ ಹಾಕಿದ್ದೇನೆ. ಬಿಎಂಡಬ್ಲ್ಯೂ ಒಪ್ಪಿದ ಟೈರ್ ಮೇಲೆ ಇರುವ ಸ್ಟಾರ್ ಗುರುತು ಇದ್ದರೆ ಒಳ್ಳೆಯದು, ಸಿಗದಿದ್ದರೆ ಪರವಾಗಿಲ್ಲ, ಆದರೆ ಲೋಡ್ ನಂಬರ್ ಮತ್ತು ರನ್‌ಫ್ಲ್ಯಾಟ್ ವಿಷಯದಲ್ಲಿ ಹೆಚ್ಚುಕಮ್ಮಿ ಬೇಡ ಅಂತಲೂ ಅದೇ ಚಾಟಿನಲ್ಲಿ ಬರೆದಿದ್ದೇನೆ.

ರನ್‌ಫ್ಲ್ಯಾಟೇ ಬೇಕು ಅಂತ ನಾನು ಸುಮ್ನೆ ಹಠ ಹಿಡಿದಿರಲಿಲ್ಲ. ಈ ಗಾಡಿ ಇಟ್ಟುಕೊಂಡ ಎಷ್ಟೋ ಜನ ಹಳೆ ಟೈರ್ ಸವೆದ ಮೇಲೆ ಸಾದಾ ಟೈರಿಗೆ ಹೋಗುತ್ತಾರೆ. ಕಾರಣವೂ ಗೊತ್ತು. ರನ್‌ಫ್ಲ್ಯಾಟಿನ ಸೈಡ್‌ವಾಲ್ ಗಟ್ಟಿ, ನಮ್ಮ ಬೆಂಗಳೂರಿನ ಗುಂಡಿಗೆ ಇಳಿದರೆ ನೇರ ಸೊಂಟಕ್ಕೇ ಹೊಡೆತ, ಮೇಲೆ ರೇಟೂ ಜಾಸ್ತಿ. ಸಾದಾ ಹಾಕಿಸಿ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇಟ್ಟುಕೊಳ್ಳಿ ಅಂತ ನಿಮ್ಮವರೇ ಹೇಳಿದರು. ಅದು ಕೆಟ್ಟ ಸಲಹೆ ಅಂತ ನಾನು ಹೇಳಲ್ಲ. ಆದರೆ ನಮ್ಮ ಊರು ಪುತ್ತೂರು ಕಡೆ, ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಹಾಸನ ಸಕಲೇಶಪುರ ದಾಟಿ ಶಿರಾಡಿ ಇಳಿದು ಹೋಗಬೇಕು, ಅದೂ ಹೆಚ್ಚಾಗಿ ಆಫೀಸ್ ಮುಗಿಸಿಕೊಂಡು ಹೊರಡುವುದರಿಂದ ಘಾಟಿಗೆ ಬರುವಾಗ ರಾತ್ರಿ ಆಗಿರುತ್ತದೆ. ಮಾರನಹಳ್ಳಿ ದಾಟಿದ ಮೇಲೆ ಮಳೆಯಲ್ಲಿ, ಹಿಂದೆ ಮುಂದೆ ಟ್ಯಾಂಕರ್ ಇರುವಾಗ, ಇಷ್ಟು ಭಾರದ ಗಾಡಿಗೆ ಜ್ಯಾಕ್ ಕೊಟ್ಟು ಚಕ್ರ ಬದಲಾಯಿಸುವ ಜಾಗವಾ ಅದು? ರನ್‌ಫ್ಲ್ಯಾಟ್ ಆದರೆ ಗಾಳಿ ಪೂರ್ತಿ ಹೋದರೂ 80ರ ಸ್ಪೀಡ್ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು. ನಿಧಾನಕ್ಕೆ ಉಪ್ಪಿನಂಗಡಿ ಮುಟ್ಟಿಕೊಳ್ಳಬಹುದು. ನಮ್ಮ ಗಾಡಿಯಲ್ಲಿ ಸ್ಟೆಪ್ನಿಯೂ ಇಲ್ಲ. ಇದನ್ನೆಲ್ಲ ಕೂತು ಲೆಕ್ಕ ಹಾಕಿಯೇ ಜಾಸ್ತಿ ದುಡ್ಡು ಕೊಟ್ಟಿದ್ದು.

ಈಗ ನೀವು ಕೊಟ್ಟದ್ದು ಏನು ಅಂತ ನೋಡೋಣ. ಡೆಲಿವರಿ ಕೊಡುವಾಗ ನಾಲ್ಕೂ ಟೈರಿಗೆ ಪಾಲಿಶ್ ಬಳಿದು ಮಿರಮಿರ ಮಿಂಚಿಸಿ ಕೊಟ್ಟಿರಿ. ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ಒದ್ದೆ ಬಟ್ಟೆ ತಗೊಂಡು ಆ ಪಾಲಿಶ್ ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು ಒಂದೊಂದೇ ಟೈರ್ ಓದಿದೆ. ಬೆರಳೆಲ್ಲ ಕಪ್ಪಾಯಿತು. ಮುಂದಿನ ಎರಡರ ಮೇಲೆ 107 ಡಬ್ಲ್ಯೂ, ಎಕ್ಸ್‌ಎಲ್, ಪಕ್ಕದಲ್ಲೇ ರನ್‌ಫ್ಲ್ಯಾಟ್ ಗುರುತು, ಡೇಟ್ ಕೋಡ್ 1425. ಅಂದರೆ 2025ನೇ ಇಸವಿಯ 14ನೇ ವಾರದಲ್ಲಿ ಮಾಡಿದ್ದು. ಸರಿ. ಹಿಂದಕ್ಕೆ ಹೋದೆ. ಅದೇ ಕಂಪನಿ, ಅದೇ ಪ್ಯಾಟರ್ನ್ ಹೆಸರು, ಮೇಲಿನಿಂದ ನೋಡಿದರೆ ಗುಂಡಿಯೂ ಗೆರೆಯೂ ಒಂದೇ. ಆದರೆ ಸೈಡ್‌ವಾಲಿನಲ್ಲಿ 103 ಡಬ್ಲ್ಯೂ ಅಂತ ಇದೆ. ಎಕ್ಸ್‌ಎಲ್ ಇಲ್ಲ. ರನ್‌ಫ್ಲ್ಯಾಟ್ ಗುರುತು ಇಲ್ಲ, ಎರಡು ಸಲ ಚಕ್ರ ಸುತ್ತ ಟಾರ್ಚ್ ಆಡಿಸಿದರೂ ಇಲ್ಲ. ಡೇಟ್ ಕೋಡ್ 3922. 2022ರಲ್ಲಿ ಮಾಡಿದ ಟೈರನ್ನು ಹೊಚ್ಚ ಹೊಸದು ಅಂತ ಹಾಕಿದ್ದೀರಿ!

ಇದನ್ನು ಹೇಳಿದಾಗ ನಿಮ್ಮ ಕೌಂಟರಿನಲ್ಲಿ ಸಿಕ್ಕ ಮೊದಲ ಉತ್ತರ "ಸೈಜ್ ಒಂದೇ ಅಲ್ವಾ ಸರ್, ಫಿಟ್ ಆಗಿದೆಯಲ್ಲ". ಸೈಜ್ ಒಂದೇ ಆದರೆ ಟೈರ್ ಒಂದೇ ಆಗುತ್ತಾ? 107 ಅಂದರೆ ಒಂದು ಟೈರ್ 975 ಕೆಜಿ ಹೊರಬಹುದು, 103 ಅಂದರೆ 875. ಒಂದು ಚಕ್ರಕ್ಕೆ 100 ಕೆಜಿ ಕಡಿಮೆ. ಅದರ ಗಾಳಿಯ ಲೆಕ್ಕವೂ ಬೇರೆ. ಸಾದಾ ಟೈರ್ ತನ್ನ ಪೂರ್ತಿ ಭಾರ ಹೊರುವುದು ಸುಮಾರು 36 ಪಿಎಸ್‌ಐ ಗಾಳಿಯಲ್ಲಿ, ಎಕ್ಸ್‌ಎಲ್ ಟೈರ್ ಸುಮಾರು 42ರಲ್ಲಿ. ಡ್ರೈವರ್ ಬಾಗಿಲಿನ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ಬರೆದಿರುವ ಗಾಳಿಯ ಅಂಕಿ ಈ ಗಾಡಿಗೆ ಹೇಳಿದ ಟೈರಿನದ್ದು, ನೀವು ಹಾಕಿದ ಟೈರಿನದ್ದಲ್ಲ. ಇದು ಖಾಲಿ ಇದ್ದಾಗಲೇ ಎರಡು ಟನ್ ದಾಟುವ ಗಾಡಿ. ಅದರ ಮೇಲೆ ಐದು ಜನ, ಬ್ಯಾಗು, ಊರಿಂದ ಬರುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಹಲಸು. "ತಡೆಯುತ್ತೆ ಬಿಡಿ ಸರ್" ಅಂತ ನಿಮ್ಮ ಹುಡುಗ ಹೇಳಿದ. ತಡೆಯಬಹುದು. ಆದರೆ ಗಾಡಿ ಕಂಪನಿ 107 ಬೇಕು ಅಂತ ಹೇಳಿರುವಾಗ ಅದಕ್ಕಿಂತ ಕಡಿಮೆ ಹಾಕುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ನಾಳೆ ಏನಾದರೂ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದು ಇದು ಯಾಕೆ ಹೀಗೆ ಅಂತ ಕೇಳಿದರೆ ಅಲ್ಲಿ ನಿಂತು ಉತ್ತರ ಹೇಳುವವನು ನಾನು.

ಎರಡನೇ ಉತ್ತರ ಇನ್ನೂ ಚೆನ್ನಾಗಿತ್ತು. "ಸರ್, 270 ಸ್ಪೀಡಲ್ಲಿ ಯಾರು ಓಡಿಸ್ತಾರೆ ಇಲ್ಲಿ?" ನಿಜ, ಯಾರೂ ಓಡಿಸಲ್ಲ, ಔಟರ್ ರಿಂಗ್ ರೋಡಲ್ಲಿ 27 ಹೋದರೆ ಪುಣ್ಯ. ಆದರೆ ನಾನು ಕೇಳಿದ್ದು ಡಬ್ಲ್ಯೂ ಅಕ್ಷರದ ಬಗ್ಗೆ ಅಲ್ಲವೇ ಅಲ್ಲ, ಅದು ಎರಡರಲ್ಲೂ ಒಂದೇ ಇದೆ. ಅದರ ಹಿಂದಿನ ನಂಬರ್ ಬಗ್ಗೆ ಕೇಳಿದೆ. ಟೈರ್ ಮಾರುವವರಿಗೆ ಸ್ಪೀಡಿನ ಅಕ್ಷರ ಯಾವುದು, ಭಾರದ ನಂಬರ್ ಯಾವುದು ಅಂತ ಗೊತ್ತಿರಬೇಕಲ್ವಾ?

ಇನ್ನು ಎರಡು ಅದು, ಎರಡು ಇದು ಅಂತ ಹಾಕುವ ವಿಷಯ. ನಿಜ ಹೇಳಬೇಕೆಂದರೆ, ರನ್‌ಫ್ಲ್ಯಾಟ್ ಸಿಗ್ತಿಲ್ಲ ಸರ್, ನಾಲ್ಕೂ 107ರ ಸಾದಾ ಎಕ್ಸ್‌ಎಲ್ ಹಾಕ್ತೀವಿ, ದುಡ್ಡು ಇಷ್ಟು ವಾಪಸ್, ಒಂದು ಸ್ಟೆಪ್ನಿ ತಗೊಳ್ಳಿ ಅಂತ ಮೊದಲೇ ಹೇಳಿದ್ದರೆ ನಾನು ಯೋಚನೆ ಮಾಡುತ್ತಿದ್ದೆ. ಬೆರಕೆ ಮಾತ್ರ ನಡೆಯಲ್ಲ. ಮುಂದೆ ಗಟ್ಟಿ ಸೈಡ್‌ವಾಲ್, ಹಿಂದೆ ಮೆತ್ತನೆಯದು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡು ಓಡಿ ಅಂದ ಹಾಗೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮುಂದಿನದು ಕೇಳುತ್ತದೆ, ಹಿಂದಿನದು ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ನೈಸ್ ರೋಡಿನ ಲೂಪಿನಲ್ಲೇ ನನಗೆ ಅದು ಗೊತ್ತಾಯಿತು. ಒದ್ದೆ ಘಾಟಿಯಲ್ಲಿ ಹೇಗಿರುತ್ತೆ ಅಂತ ಪರೀಕ್ಷೆ ಮಾಡುವ ಆಸೆ ನನಗಿಲ್ಲ. ಮತ್ತೆ ನಾಲ್ಕು ಚಕ್ರಕ್ಕೂ ಪವರ್ ಹೋಗುವ ಗಾಡಿಯಲ್ಲಿ ನಾಲ್ಕೂ ಟೈರ್ ಒಂದೇ ಥರ ಇರಲಿ, ಸವೆತವೂ ಒಂದೇ ಥರ ಇರಲಿ ಅಂತ ಹೇಳುವುದಕ್ಕೆ ಕಾರಣ ಇದೆ. ಚಕ್ರಗಳ ಸುತ್ತಳತೆ ಬೇರೆಯಾದರೆ ಮುಂದಿನದೂ ಹಿಂದಿನದೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ಆ ವ್ಯತ್ಯಾಸವನ್ನೆಲ್ಲ ತಡೆದುಕೊಳ್ಳುವುದು ಮುಂದಕ್ಕೂ ಹಿಂದಕ್ಕೂ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್. ಅದು ಕೈ ಕೊಟ್ಟರೆ ಅದರ ಬಿಲ್ ಮುಂದೆ ಈ ಟೈರಿನ ಬಿಲ್ ಚಿಲ್ಲರೆ.

ಕೊನೆಗೆ ನೀವು ಹೇಳಿದ್ದು ಸ್ಟಾಕ್ ಇಲ್ಲ, ಇಂಪೋರ್ಟ್ ಕಷ್ಟ ಅಂತ. ಅದು ನನಗೂ ಗೊತ್ತು. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರ್ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಇಂಥ ದೊಡ್ಡ ಸೈಜುಗಳಿಗೆ ಅದರಿಂದ ತೊಂದರೆ ಆಯಿತು. ಅದಕ್ಕೇ ತಾನೇ ನಾನು ಪೂರ್ತಿ ದುಡ್ಡು ಮುಂಗಡ ಕೊಟ್ಟು, ಬಂದ ಮೇಲೆ ಹೇಳಿ ಅಂತ ಕಾದಿದ್ದು? ಕಾಯುವುದಕ್ಕೆ ನನಗೆ ಬೇಜಾರಿರಲಿಲ್ಲ. ಸ್ಟಾಕ್ ಇಲ್ಲದಿದ್ದರೆ ಇಲ್ಲ ಅನ್ನಬೇಕು. ಮೂಲೆಯಲ್ಲಿದ್ದ ಎರಡು ಹಳೆ ಟೈರಿಗೆ ಪಾಲಿಶ್ ಹಚ್ಚಿ ಹಿಂದಿನ ಚಕ್ರಕ್ಕೆ ಹಾಕಿ ಕಳಿಸುವುದು ವ್ಯಾಪಾರ ಅಲ್ಲ ಸರ್.

ಬಿಲ್ ನೋಡಿ ಒಮ್ಮೆ. ಜಿಎಸ್‌ಟಿ 18 ಪರ್ಸೆಂಟ್ ಪೈಸೆ ಸಮೇತ ಇದೆ, ನೈಟ್ರೋಜನ್‌ಗೆ ಬೇರೆ ಚಾರ್ಜ್ ಇದೆ (ಸಾದಾ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇರುತ್ತೆ, ಹೋಗಲಿ ಬಿಡಿ). ಆದರೆ ಟೈರ್ ಬಗ್ಗೆ ಬರೆದದ್ದು "255/50 ಆರ್19, 4 ನಂಬರ್" ಅಷ್ಟೇ. ಲೋಡ್ ನಂಬರ್ ಇಲ್ಲ, ರನ್‌ಫ್ಲ್ಯಾಟ್ ಅಂತ ಇಲ್ಲ, ಸೀರಿಯಲ್ ನಂಬರ್ ಇಲ್ಲ. ನಾಲ್ಕಕ್ಕೂ ಒಂದೇ ರೇಟು ಹಾಕಿದ್ದೀರಿ. ವಾರಂಟಿ ಕಾರ್ಡ್ ಖಾಲಿ. ಅಲೈನ್‌ಮೆಂಟ್ ರಿಪೋರ್ಟಿನ ಮೇಲೆ ಯಾವುದೋ ಬೇರೆ ಗಾಡಿಯ ಹೆಸರಿದೆ, ಅದರ ಅಳತೆಗೆ ನನ್ನ ಗಾಡಿ ಕೂರಿಸಿದ್ದೀರಾ ಹೇಗೆ ಅಂತ ತಿಳಿಸಿ. ಬೋಲ್ಟ್ ಎಲ್ಲಾ ಏರ್ ಗನ್ನಿನಲ್ಲೇ ಬಿಗಿದು ಮುಗಿಸಿದರು, ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ಗೋಡೆಗೆ ನೇತುಹಾಕಿದ್ದು ಹಾಗೇ ಇತ್ತು.

ನನಗೆ ಬೇಕಾಗಿರುವುದು ಇದು. ಹಿಂದಿನ ಎರಡು ಟೈರ್ ತೆಗೆದು, ಮುಂದಿನದ್ದೇ ಕಂಪನಿ ಮತ್ತು ಪ್ಯಾಟರ್ನಿನ 107 ಎಕ್ಸ್‌ಎಲ್ ರನ್‌ಫ್ಲ್ಯಾಟ್ ಹಾಕಿ. ಡೇಟ್ ಕೋಡ್ 2025ರದ್ದೋ ಅದಕ್ಕಿಂತ ಹೊಸದೋ ಇರಬೇಕು, ಹಾಕುವ ಮುಂಚೆ ನನಗೆ ತೋರಿಸಬೇಕು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮತ್ತೆ ಮಾಡಬೇಕು, ಅದಕ್ಕೆ ನಾನು ಒಂದು ರೂಪಾಯಿಯೂ ಕೊಡಲ್ಲ. ನಾಲ್ಕೂ ಟೈರಿನ ಪೂರ್ತಿ ವಿವರ ಬರೆದ ಹೊಸ ಬಿಲ್ ಮತ್ತು ತುಂಬಿದ ವಾರಂಟಿ ಕಾರ್ಡ್ ಕೊಡಬೇಕು. ಆ ಎರಡು ಟೈರ್ ನಿಮಗೆ ಎಲ್ಲೂ ಸಿಗುವುದಿಲ್ಲ ಅನ್ನುವುದಾದರೆ ನಾಲ್ಕನ್ನೂ ಬಿಚ್ಚಿಕೊಂಡು ಪೂರ್ತಿ ಹಣ ವಾಪಸ್ ಕೊಡಿ. ಆದರೆ ನನ್ನ ಹಳೆ ಟೈರ್‌ಗಳನ್ನು ಆಗಲೇ ಗುಜರಿಗೆ ಹಾಕಿದ್ದೀರಿ ಅಂತ ಗೊತ್ತಾಯಿತು, ಹಾಗಾಗಿ ನಾನು ಬೇರೆ ಕಡೆ ಟೈರ್ ಹಾಕಿಸುವ ತನಕ ಇವು ಗಾಡಿಯಲ್ಲೇ ಇರುತ್ತವೆ.

"ಒಮ್ಮೆ ಫಿಟ್ ಮಾಡಿದ ಟೈರ್ ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ನಿಮ್ಮ ಕೌಂಟರ್ ಹಿಂದೆ ಬೋರ್ಡ್ ಇದೆ, ನೋಡಿದ್ದೇನೆ. ಬೋರ್ಡ್ ತೋರಿಸಿ ಕಳಿಸುವ ಯೋಚನೆ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಮ್ಮೆ ಓದಿ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದನ್ನು ಅದು ಅನ್ಯಾಯದ ವ್ಯಾಪಾರ ಅಂತಲೇ ಕರೆಯುತ್ತದೆ. ನಿಮ್ಮ ಬಿಲ್ಲಿನಲ್ಲಿ ಅವಧಿ ಬರೆದಿಲ್ಲ. ಮುಂದಿನ ಶನಿವಾರದೊಳಗೆ ಉತ್ತರ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸೂ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಯಾವ ದಿನ ಗಾಡಿ ತರಬೇಕು ಅಂತ ಇದೇ ಮೇಲ್‌ಗೆ ಉತ್ತರ ಬರೆಯಿರಿ. ಫೋನ್ ಮಾಡುವುದು ಬೇಡ.

ಇಂತಿ,
ಬಿಲ್ಲಿನಲ್ಲಿ ಹೆಸರಿರುವ ಗ್ರಾಹಕ

ಜೊತೆಗೆ: ಬಿಲ್ ಪ್ರತಿ, ವಾಟ್ಸಾಪ್ ಸ್ಕ್ರೀನ್‌ಶಾಟ್, ನಾಲ್ಕೂ ಟೈರಿನ ಸೈಡ್‌ವಾಲ್ ಫೋಟೋ, ಅಲೈನ್‌ಮೆಂಟ್ ರಿಪೋರ್ಟ್