ಕೂಡಿ ಕಟ್ಟಿದ ಕಾರಿಗೂ ನೋಂದಣಿಯ ದಾರಿ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿ ತಂಡಗಳು ಸ್ವಂತ ಕೈಯಿಂದ ಕಾರು ಕಟ್ಟಿ, ಮಧ್ಯಪ್ರದೇಶದ ಪೀಥಂಪುರದಲ್ಲಿ ನಡೆಯುವ, ಒರಟು ನೆಲದಲ್ಲಿ ಓಡುವ ಕಾರುಗಳ ಬಾಹಾ ಸ್ಪರ್ಧೆಗೂ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಗೂ ಹೋಗಿಬರುತ್ತಿವೆ. ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದ ಹೆಸರನ್ನು ಈ ವಿಷಯದಲ್ಲಿ ಆಸಕ್ತಿಯುಳ್ಳ ಎಲ್ಲರೂ ಕೇಳಿರುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಅಂಥ ವಾಹನಗಳು ಕಾರ್ಯಾಗಾರದ ಮೂಲೆ ಸೇರುತ್ತವೆ. ಅವನ್ನು ಕಟ್ಟಿದವರಲ್ಲಿ ಬಹುಪಾಲು ಮಂದಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ ಹೋಗುತ್ತಾರೆ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಆಗಿದ್ದರೆ ಇವರೇ ಎಂಟು ಹತ್ತು ಜನ ಒಟ್ಟುಗೂಡಿ ಬಿಡಿಭಾಗಗಳಾಗಿ ಬರುವ ಒಂದು ಕಿಟ್ ಕಾರು ತರಿಸಿಕೊಂಡು, ರಜಾದಿನಗಳಲ್ಲಿ ಜೋಡಿಸಿ, ಸರ್ಕಾರದ ತಪಾಸಣೆ ಮಾಡಿಸಿ, ನಂಬರ್ ಪ್ಲೇಟು ಹಾಕಿಸಿ ರಸ್ತೆಗಿಳಿಸುತ್ತಿದ್ದರು. ನಮ್ಮಲ್ಲಿ ಕೈಗಳಿವೆ, ಬಿಡಿಭಾಗಗಳಿವೆ, ಲೇತ್ ಮತ್ತು ವೆಲ್ಡಿಂಗ್ ಶಾಪುಗಳೂ ಇವೆ. ಕಟ್ಟಿದ್ದನ್ನು ನ್ಯಾಯವಾಗಿ ಓಡಿಸುವ ದಾರಿ ಮಾತ್ರ ಇಲ್ಲ. ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡಿದವನಾಗಿ ಈ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಿಟ್ ಕಾರೆಂದರೆ ಗುಜರಿಯಿಂದ ಸಿಕ್ಕಿದ್ದನ್ನೆಲ್ಲ ಬೆಸೆದು ಮಾಡಿದ ಗಾಡಿಯಲ್ಲ. ತಯಾರಕರು ಚಾಸಿ (ಕಾರಿನ ಕೆಳ ಚೌಕಟ್ಟು), ಬಾಡಿ ಮತ್ತು ಸಸ್ಪೆನ್ಷನ್ (ಚಕ್ರಗಳ ಕುಲುಕಾಟ ತಡೆಯುವ) ಭಾಗಗಳನ್ನು ಅಳತೆಗೆ ಸರಿಯಾಗಿ ಮಾಡಿ ಕೊಡುತ್ತಾರೆ. ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಹೊಸದಾಗಿ ಕೊಳ್ಳಬಹುದು ಅಥವಾ ಹಳೆಯ ಕಾರೊಂದನ್ನು ಕಳಚಿ ತೆಗೆದುಕೊಳ್ಳಬಹುದು. ಇದು ಬೆಳೆದದ್ದು ಬ್ರಿಟನ್ನಿನ ತೆರಿಗೆ ಪದ್ಧತಿಯಿಂದ. ಅಲ್ಲಿ ಪೂರ್ತಿ ಜೋಡಿಸಿದ ಕಾರಿಗೆ ಭಾರಿ ಖರೀದಿ ತೆರಿಗೆಯಿದ್ದು, ಬಿಡಿಭಾಗಗಳ ಕಿಟ್‌ಗೆ ಅದು ಇರಲಿಲ್ಲ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಹೊರತಂದ ಲೋಟಸ್ ಸೆವೆನ್ ಎಂಬ ಹಗುರ ಕಾರು ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿತು. ಕಿಟ್ ಜೊತೆ ಜೋಡಣೆಯ ಸೂಚನೆ ಕೊಟ್ಟರೆ ತೆರಿಗೆ ಬೀಳುತ್ತದೆಂದು ಚಾಪ್‌ಮನ್ ಕಳಚುವ ಸೂಚನೆ ಅಚ್ಚು ಹಾಕಿಸಿ, ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಿ ಎಂದರೆಂಬ ಕಥೆ ಪ್ರಸಿದ್ಧವಾಗಿದೆ. 1973ರಲ್ಲಿ ಖರೀದಿ ತೆರಿಗೆಯ ಬದಲು ಕಿಟ್‌ಗಳಿಗೂ ಬೀಳುವ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕುಗಳನ್ನು ಪಡೆದ ಕೇಟರ್‌ಹ್ಯಾಮ್ ಕಂಪನಿ ಇಂದಿಗೂ ಆ ಕಾರನ್ನು ಕಿಟ್ ರೂಪದಲ್ಲಿ ಮಾರುತ್ತಿದೆ. ಹಣ ಉಳಿಸುವ ಉಪಾಯವಾಗಿ ಹುಟ್ಟಿದ್ದು ಆ ಕಾರಣ ಹೋದ ಮೇಲೂ ಅರ್ಧ ಶತಮಾನ ಬಾಳಿದೆಯೆಂದರೆ, ಕಟ್ಟುವುದರಲ್ಲೇ ಜನರಿಗೆ ಸುಖವಿದೆ ಎಂದಾಯಿತು.

ಒಬ್ಬರೇ ಕಟ್ಟಲು ಹೊರಟರೆ ಕಿಟ್ ಕಾರು ವರ್ಷಗಟ್ಟಲೆ ಶೆಡ್ಡಿನಲ್ಲಿ ಕೂರುವುದು ಸಾಮಾನ್ಯ. ಗುಂಪು ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿರುವ ಮಾಟ್ ಕಮ್ಯೂನಿಟಿ ಕಾಲೇಜಿನಲ್ಲಿ ಹಲವು ವರ್ಷ ನಡೆದ ಶಿಬಿರವೇ ಇದಕ್ಕೆ ಸಾಕ್ಷಿ. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಎಂಬ ಕಿಟ್ ಕಾರು ಕಂಪನಿಯ, ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್ ಕಿಟ್ ಒಂದನ್ನು ಅಲ್ಲಿ ಸೇರಿದ ಆಸಕ್ತರು ಮೂರು ದಿನಗಳಲ್ಲಿ ಜೋಡಿಸುತ್ತಿದ್ದರು. ಅವರಲ್ಲಿ ಎಂದೂ ಸ್ಪ್ಯಾನರ್ ಹಿಡಿಯದವರೂ ಇರುತ್ತಿದ್ದರು. ಅದೇ ಕಾರನ್ನು ಒಬ್ಬರೇ ಮನೆಯಲ್ಲಿ ಕಟ್ಟಿದರೆ ಇನ್ನೂರು ಮುನ್ನೂರು ಗಂಟೆಗಳ ಕೆಲಸ.

ಹಾಗೆಂದು ಹತ್ತು ಜನ ಸೇರಿದರೆ ಹತ್ತು ಪಟ್ಟು ಬೇಗ ಆಗುತ್ತದೆ ಎಂದು ಲೆಕ್ಕ ಹಾಕುವವರು ಕಾರಿನ ಬಾನೆಟ್ ತೆರೆದು ನೋಡಿದವರಲ್ಲ. ಎಂಜಿನ್ ಕೂರುವ ಜಾಗದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಕೈಯಿಡಲಾಗದು. ಸೆವೆನ್ ಮಾದರಿಯ ಕಾರಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಮೊದಲೇ ಕೂಡಿಸಿ, ಭಾರ ಎತ್ತುವ ಚೈನ್ ಬ್ಲಾಕಿಗೆ ನೇತುಹಾಕಿ, ಓರೆಯಾಗಿ ವಾಲಿಸಿಕೊಂಡು ಮೇಲಿನಿಂದ ಚಾಸಿಯೊಳಗೆ ಇಳಿಸಬೇಕು. ಆ ಹೊತ್ತಿನಲ್ಲಿ ಉಳಿದವರು ದೂರ ನಿಲ್ಲುವುದೇ ದೊಡ್ಡ ಸಹಾಯ. ಬ್ರೇಕಿನ ಗಾಳಿ ತೆಗೆಯಲು ಒಬ್ಬ ಪೆಡಲ್ ತುಳಿಯಬೇಕು, ಇನ್ನೊಬ್ಬ ಚಕ್ರದ ಬಳಿ ಕುಳಿತು ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಬಿಗಿಯಬೇಕು, ಮೂರನೆಯವನಿಗೆ ಅಲ್ಲಿ ಕೆಲಸವಿಲ್ಲ. ಎಲ್ಲ ಪೈಪುಗಳೂ ಜೋಡಣೆಯಾಗದೆ ಆ ಕೆಲಸವನ್ನು ಶುರುಮಾಡುವಂತೆಯೂ ಇಲ್ಲ. ವೈರಿಂಗ್ ಎಳೆಯದೆ ಡ್ಯಾಶ್‌ಬೋರ್ಡ್ ಕೂರಿಸಿದರೆ ಮತ್ತೆ ಬಿಚ್ಚಬೇಕಾಗುತ್ತದೆ. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ, ಯಾವುದು ಯಾರಿಗೂ ಕಾಯದೆ ಬೇರೆ ಮೇಜಿನ ಮೇಲೆ ನಡೆಯಬಹುದು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡ ತಂಡ ಮಾತ್ರ ಬೇಗ ಮುಗಿಸುತ್ತದೆ. ಮುಂದಿನ ಸಸ್ಪೆನ್ಷನ್, ಹಿಂದಿನ ಆಕ್ಸೆಲ್, ಪೆಡಲ್‌ಗಳ ಪೆಟ್ಟಿಗೆ, ಸೀಟು, ದೀಪ ಇವುಗಳನ್ನು ಬೇರೆ ಬೇರೆ ಜೋಡಿಗಳು ಏಕಕಾಲಕ್ಕೆ ಸಿದ್ಧಪಡಿಸಿಟ್ಟರೆ ಚಾಸಿಯ ಬಳಿ ನೂಕುನುಗ್ಗಲಾಗುವುದಿಲ್ಲ.

ಸಿಯಾಟಲ್‌ನ ಜೋ ಜಸ್ಟಿಸ್ ಎಂಬ ಸಾಫ್ಟ್‌ವೇರ್ ಕಸುಬಿನವರು ಕಟ್ಟಿದ ವಿಕಿಸ್ಪೀಡ್ ತಂಡ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಒಂದು ಗ್ಯಾಲನ್ನಿಗೆ 100 ಮೈಲಿಗಿಂತ ಹೆಚ್ಚು ಓಡುವ ಕಾರಿಗಾಗಿ ಏರ್ಪಟ್ಟು 2010ರಲ್ಲಿ ಮುಗಿದ, ಒಟ್ಟು 1 ಕೋಟಿ ಡಾಲರ್ ಬಹುಮಾನದ ಎಕ್ಸ್ ಪ್ರೈಜ್ ಸ್ಪರ್ಧೆಗೆ ಅವರು ಸ್ವಯಂಸೇವಕರನ್ನೇ ಕೂಡಿಸಿಕೊಂಡು ಮೂರು ತಿಂಗಳಲ್ಲಿ ಓಡುವ ಮಾದರಿಯನ್ನು ತಂದರು. ಕಾರನ್ನು ಸ್ವತಂತ್ರ ಘಟಕಗಳಾಗಿ ವಿಂಗಡಿಸಿ, ಒಂದು ಘಟಕ ಇನ್ನೊಂದಕ್ಕೆ ಯಾವ ರಂಧ್ರಗಳಲ್ಲಿ ಕೂಡಬೇಕೆಂಬ ಒಪ್ಪಂದವನ್ನು ಮೊದಲೇ ಮಾಡಿಕೊಂಡಿದ್ದರು. ಆಮೇಲೆ ಎಂಜಿನ್ ತಂಡ ಏನನ್ನೇ ಬದಲಿಸಿದರೂ ಸಸ್ಪೆನ್ಷನ್ ತಂಡ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಏನಾದರೂ ಒಂದು ಭಾಗ ಪೂರ್ತಿಯಾಗಿ ಕೆಲಸ ಮಾಡಿ ತೋರಿಸಬೇಕು, ತಿಳಿದವರೊಬ್ಬರು ತಿಳಿಯದವರೊಬ್ಬರ ಜೊತೆಗೂಡಿ ದುಡಿಯಬೇಕು ಎಂಬುದು ಅವರ ನಿಯಮವಾಗಿತ್ತು. ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ, ಆ ಕಾರು ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೂ ಬರಲಿಲ್ಲ. ಆದರೆ ಸಂಬಳವಿಲ್ಲದ ಜನರನ್ನು ಕೂಡಿಸಿ ಕೆಲಸ ತೆಗೆಯುವ ಬಗೆಯೇ ನಮ್ಮ ಪ್ರಶ್ನೆಯಾಗಿರುವಾಗ ಅವರಿಂದ ಕಲಿಯುವುದು ಬಹಳವಿದೆ. ಇವರನ್ನು ಹೊಗಳುವವರು ವೇಗವನ್ನೇ ಹಿಡಿದು ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಜೋಡಿಯಾಗಿ ದುಡಿಸಿದ ಕ್ರಮ. ಎರಡನೆಯ ಕಾರು ಕಟ್ಟುವಾಗ ತಿಳಿದವರ ಸಂಖ್ಯೆ ದುಪ್ಪಟ್ಟಾಗಿರುತ್ತದೆ.

ನಮ್ಮಲ್ಲಿ ಇಂಥ ಗುಂಪು ಕಟ್ಟಬೇಕೆಂದಿರುವವರಿಗೆ ಹೇಳಬೇಕಾದ ಮೊದಲ ಮಾತು ಪೆಟ್ಟಿಗೆಗಳ ಬಗ್ಗೆ. ಕಿಟ್ ಬಂದ ದಿನ ಸ್ಪ್ಯಾನರ್ ಹೊರತೆಗೆಯಬಾರದು. ಪಟ್ಟಿಯನ್ನು ಹಿಡಿದು ಒಂದೊಂದು ನಟ್ಟು ಬೋಲ್ಟನ್ನೂ ಎಣಿಸಿ, ಘಟಕವಾರು ಡಬ್ಬಿಗಳಿಗೆ ಹಾಕಿ, ಮೇಲೆ ಚೀಟಿ ಅಂಟಿಸಬೇಕು. ಕಿಟ್‌ಗಳಲ್ಲಿ ಕೆಲವು ಭಾಗಗಳು ತಡವಾಗಿ ಬರುವುದು ಮಾಮೂಲು; ಅದು ಗೊತ್ತಾಗುವುದು ಶನಿವಾರ ಬೆಳಿಗ್ಗೆ ಹತ್ತು ಜನ ಸೇರಿ ನಿಂತಾಗ ಆಗಬಾರದು. ಹಳೆಯ ಕಾರಿನಿಂದ ತೆಗೆದ ಭಾಗಗಳನ್ನು ತೊಳೆದು, ರಬ್ಬರ್ ಬುಷ್ ಮತ್ತು ಬೇರಿಂಗ್ ಬದಲಿಸಿ, ಜೋಡಣೆಗೆ ಮೊದಲೇ ಸಿದ್ಧವಾಗಿಟ್ಟಿರಬೇಕು. ಎರಡನೆಯದು, ಕೈಗೆ ಹತ್ಯಾರು ಮುಟ್ಟದ ಒಬ್ಬ ಮೇಲ್ವಿಚಾರಕ ಬೇಕು. ಯಾರು ಎಲ್ಲಿದ್ದಾರೆ, ಏನು ಉಳಿದಿದೆ ಎಂದು ನೋಡುವುದಷ್ಟೇ ಆತನ ಕೆಲಸ. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮೆಕ್ಯಾನಿಕ್ ಕೆಲಸ ಬಲ್ಲವನನ್ನು ಆ ಜಾಗದಲ್ಲಿ ಕೂರಿಸುವುದು ದಂಡ. ಬೋಲ್ಟುಗಳನ್ನು, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದವನು ಬಣ್ಣದ ಗೆರೆ ಎಳೆಯಲಿ, ಬಿಗಿಯದ ಇನ್ನೊಬ್ಬ ಅದನ್ನು ಪರೀಕ್ಷಿಸಿ ಸಹಿ ಹಾಕಲಿ. ಸ್ಟಿಯರಿಂಗ್ ಮತ್ತು ಬ್ರೇಕಿನ ವಿಷಯದಲ್ಲಿ ಸ್ನೇಹವನ್ನು ನಂಬಬಾರದು. ಹಣದ ಮಾತನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ಕಾರು ಯಾರ ಹೆಸರಿನಲ್ಲಿ, ನಡುವೆ ಬಿಟ್ಟುಹೋದವನಿಗೆ ಎಷ್ಟು ವಾಪಸು, ಮಾರಿದರೆ ಹಂಚಿಕೆ ಹೇಗೆ. ಹಳ್ಳಿಗಳಲ್ಲಿ ನಾಟಿಗೆ, ಒಕ್ಕಣೆಗೆ ನಡೆಯುತ್ತಿದ್ದ ಮುಯ್ಯಾಳಿನ ಲೆಕ್ಕ ಇಲ್ಲಿ ಚೆನ್ನಾಗಿ ಹೊಂದುತ್ತದೆ; ಇವತ್ತು ನಿಮ್ಮ ಕಾರಿಗೆ ದುಡಿದ ದಿನಗಳನ್ನು ನಾಳೆ ನೀವು ನನ್ನ ಕಾರಿಗೆ ತೀರಿಸುತ್ತೀರಿ.

ಇಷ್ಟೆಲ್ಲ ಮಾಡಿ ಕಟ್ಟಿದ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದರೆ ಏನಾಗುತ್ತದೆ? ಹೊಸ ವಾಹನದ ನೋಂದಣಿಗೆ ಮಾರಾಟದ ಪ್ರಮಾಣಪತ್ರವಾದ ಫಾರಂ 21, ತಯಾರಕರು ಕೊಡುವ ರಸ್ತೆಯೋಗ್ಯತೆಯ ಫಾರಂ 22 ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ಪ್ರತಿ ಮಾದರಿಯನ್ನೂ ಪುಣೆಯ ಎಆರ್‌ಎಐನಂಥ ವಾಹನ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಸಾವಿರಾರು ಕಾರು ಮಾಡುವ ಕಂಪನಿಗೆ ಇದು ಸರಿಯಾದ ನಿಯಮ. ಒಂದೇ ಕಾರು ಕಟ್ಟಿದವರಿಗೆ ಇದರಲ್ಲಿ ಬಾಗಿಲೇ ಇಲ್ಲ. ನೋಂದಣಿಯಾದ ಹಳೆಯ ಕಾರನ್ನೇ ಮಾರ್ಪಡಿಸೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರರೊಬ್ಬರು ಸುಮಾರು 60 ಸಾವಿರ ರೂಪಾಯಿಯಲ್ಲಿ, ಕಿಕ್ ಹೊಡೆದು ಚಾಲೂ ಮಾಡುವ ನಾಲ್ಕು ಚಕ್ರದ ಗಾಡಿಯನ್ನು ಮಾಡಿದ ಸುದ್ದಿ 2021ರ ಕೊನೆಯಲ್ಲಿ ದೇಶವೆಲ್ಲ ಹರಡಿತ್ತು. ಉದ್ಯಮಿ ಆನಂದ್ ಮಹೀಂದ್ರ ಅದನ್ನು ಮೆಚ್ಚಿ ಬದಲಿಗೆ ಬೊಲೆರೊ ಕೊಡಿಸಿದರು. ಉದಾರ ಮನಸ್ಸೇ ಸರಿ. ಆದರೆ ಆ ಗಾಡಿಗೆ ರಸ್ತೆಯ ಮೇಲೆ ಸಲ್ಲುವ ದಾರಿಯಿರಲಿಲ್ಲ.

ಬ್ರಿಟನ್ನಿನಲ್ಲಿ ಹವ್ಯಾಸಿ ಕಟ್ಟಿದ ಒಂದೇ ಕಾರಿಗೆ ಪ್ರತ್ಯೇಕ ತಪಾಸಣೆಯಿದೆ. 1998ರಲ್ಲಿ ಶುರುವಾದ ಏಕ ವಾಹನ ಪರೀಕ್ಷೆಯ ಜಾಗದಲ್ಲಿ 2009ರಿಂದ ಐವಿಎ (ಪ್ರತ್ಯೇಕ ವಾಹನ ಅನುಮೋದನೆ) ಎಂಬ ಇನ್ನೂ ಬಿಗಿಯಾದ ಪರೀಕ್ಷೆ ನಡೆಯುತ್ತಿದೆ. ಬ್ರೇಕಿನ ಸಮತೋಲ, ದೀಪಗಳ ಎತ್ತರ, ಕನ್ನಡಿ, ಸೀಟ್ ಬೆಲ್ಟಿನ ಬಿಗಿತ, ಹೊಗೆ, ಸದ್ದು, ಸ್ಪೀಡೊಮೀಟರಿನ ನಿಖರತೆ ಎಲ್ಲವನ್ನೂ ನೋಡುತ್ತಾರೆ. ಪಾದಚಾರಿಗೆ ತಗುಲಬಹುದಾದ ಬಾಡಿಯ ಅಂಚುಗಳು ಕನಿಷ್ಠ 2.5 ಮಿಲಿಮೀಟರಿನಷ್ಟು ದುಂಡಾಗಿರಬೇಕು ಎಂಬುದನ್ನೂ ಅಳೆಯುತ್ತಾರೆ. ಈ ಅಂಚಿನ ನಿಯಮ ಹವ್ಯಾಸಿಗಳಿಗೆ ಬಹಳ ತಲೆನೋವು, ಸಣ್ಣ ಸಣ್ಣ ಬೋಲ್ಟುಗಳಿಗೂ ಪ್ಲಾಸ್ಟಿಕ್ ಟೊಪ್ಪಿ ತೊಡಿಸುತ್ತಾರೆ. ಹಾಗಿದ್ದರೂ ಪಾಸಾದವರಿಗೆ ನಂಬರ್ ಸಿಗುತ್ತದೆ, ಫೇಲಾದವರಿಗೆ ಯಾಕೆಂಬ ಪಟ್ಟಿ ಸಿಗುತ್ತದೆ. ನಾವು ಕೇಳಬೇಕಾದದ್ದು ಇಷ್ಟೇ. ಸಡಿಲವಾದ ನಿಯಮವನ್ನು ಯಾರೂ ಕೇಳುತ್ತಿಲ್ಲ.

ಇದು ನಮ್ಮ ಕಾನೂನಿನ ಸ್ವಭಾವಕ್ಕೆ ಹೊರಗಿನದೆಂದು ಅಧಿಕಾರಿಗಳು ಹೇಳಬಹುದು. ಆದರೆ ಬರಿಯ ಚಾಸಿಯನ್ನು ಕಾರ್ಖಾನೆಯಿಂದ ಓಡಿಸಿಕೊಂಡು ಬಂದು, ಬೇರೆಯವರ ಶೆಡ್ಡಿನಲ್ಲಿ ಬಾಡಿ ಕಟ್ಟಿಸಿದ ಲಾರಿ ಬಸ್ಸುಗಳೇ ನಮ್ಮ ಹೆದ್ದಾರಿಗಳಲ್ಲಿ ಇಂದಿಗೂ ಓಡುತ್ತಿವೆ. ಬಾಡಿಯನ್ನು ಬೇರೆ ಕಡೆ ಕಟ್ಟಿಸಿದ ವಾಹನಕ್ಕೆಂದೇ ಫಾರಂ 22-ಎ ಇದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಹಳೆಯ ವಾಹನಗಳಿಗಾಗಿ ವಿಎ ಅಕ್ಷರಗಳ ಪ್ರತ್ಯೇಕ ನೋಂದಣಿ ಸರಣಿಯನ್ನು ತಂದು, 20,000 ರೂಪಾಯಿ ಶುಲ್ಕ ನಿಗದಿಮಾಡಿ, ದಿನನಿತ್ಯದ ಬಳಕೆಗೆ ಅವಕಾಶವಿಲ್ಲವೆಂದೂ ಪ್ರದರ್ಶನ, ರ‍್ಯಾಲಿಗಳಿಗೆ ಓಡಿಸಬಹುದೆಂದೂ ಷರತ್ತು ಹಾಕಿತು. ಹವ್ಯಾಸದ ವಾಹನಕ್ಕೆ ಬೇರೆ ವರ್ಗ, ಬೇರೆ ಶುಲ್ಕ, ಮಿತ ಬಳಕೆ ಎಂಬ ತತ್ವವನ್ನು ಸರ್ಕಾರ ಆಗಲೇ ಒಪ್ಪಿದಂತಾಯಿತು. ಕೂಡಿ ಕಟ್ಟಿದ ಕಾರುಗಳಿಗೂ ಅಂಥದೇ ಸರಣಿಯೊಂದನ್ನು ತೆರೆದು, ವರ್ಷಕ್ಕೆ ಇಷ್ಟೇ ವಾಹನಗಳೆಂದು ಮಿತಿ ಹಾಕಿ, ಒಂದೊಂದನ್ನೂ ಪ್ರತ್ಯೇಕವಾಗಿ ತಪಾಸಿಸುವುದು ಆಗದ ಕೆಲಸವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕಟ್ಟಿದ ಕಾರುಗಳಿಗೆ ಹೊಗೆ ಪರೀಕ್ಷೆಯ ವಿಶೇಷ ರಿಯಾಯಿತಿ ವರ್ಷಕ್ಕೆ 500ಕ್ಕೆ ಮಾತ್ರ ಸೀಮಿತವಾಗಿದೆ.

ಇದರಿಂದ ಏನು ಪ್ರಯೋಜನ ಎನ್ನುವವರಿಗೆ ಬೆಂಗಳೂರಿನದೇ ಉದಾಹರಣೆಯಿದೆ. ರೇವಾ ವಿದ್ಯುತ್ ಕಾರನ್ನು ರೂಪಿಸಿದ ಚೇತನ್ ಮೈನಿ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸೌರ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸನ್‌ರೇಸ್ ಗೆದ್ದು, ಆಸ್ಟ್ರೇಲಿಯಾದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯದಾಯಿತು. 2001ರಲ್ಲಿ ರೇವಾ ನಮ್ಮ ರಸ್ತೆಗಿಳಿಯಿತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಪೀಣ್ಯದ ಯಂತ್ರಶಾಲೆಗಳು, ಜಿಲ್ಲೆ ಜಿಲ್ಲೆಗಳ ಐಟಿಐ, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಗಳು ಇರುವ ರಾಜ್ಯದಲ್ಲಿ ಅಂಥ ತಂಡಗಳಿಗೆ ಬರ ಬರಬಾರದು.

ನಿಯಮ ಬದಲಾಗುವ ತನಕ ಸುಮ್ಮನೆ ಕೂರಬೇಕಾಗಿಯೂ ಇಲ್ಲ. ಮುಚ್ಚಿದ ಟ್ರ್ಯಾಕಿನಲ್ಲಿ ಓಡಿಸುವ ಕಾರಿಗೆ ನೋಂದಣಿಯ ತೊಡಕಿಲ್ಲ. ಪಾಲಿಟೆಕ್ನಿಕ್ಕುಗಳು ಭಾನುವಾರದಂದು ತಮ್ಮ ಕಾರ್ಯಾಗಾರವನ್ನು ಹೊರಗಿನ ಆಸಕ್ತರಿಗೆ ತೆರೆದು, ಬೋಧಕರೊಬ್ಬರ ಉಸ್ತುವಾರಿಯಲ್ಲಿ ಒಂದು ಕಾರು ಕಟ್ಟಿಸಿದರೆ ವಿದ್ಯಾರ್ಥಿಗಳಿಗೆ ಪಾಠ, ಊರಿನ ಮೆಕ್ಯಾನಿಕ್ಕುಗಳಿಗೆ ಗೌರವ ಎರಡೂ ಸಿಗುತ್ತವೆ. ರಾಜ್ಯ ಸಾರಿಗೆ ಇಲಾಖೆ ಇಂಥ ಕೆಲವು ಕಾರುಗಳನ್ನು ಪ್ರಾಯೋಗಿಕವಾಗಿ ತಪಾಸಿಸಿ, ತನ್ನ ವರದಿಯ ಸಮೇತ ಕೇಂದ್ರಕ್ಕೆ ಶಿಫಾರಸು ಕಳಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ವಿಮಾ ಕಂಪನಿಗಳನ್ನೂ ಆಗಲೇ ಮಾತಿಗೆ ಕರೆಯಬೇಕು, ಏಕೆಂದರೆ ಮೂರನೆಯವರ ಹಾನಿಯ ವಿಮೆಯಿಲ್ಲದೆ ಯಾವ ವಾಹನವೂ ಸಾರ್ವಜನಿಕ ರಸ್ತೆಗೆ ಬರುವಂತಿಲ್ಲ, ಮತ್ತು ತಯಾರಕರ ಹೆಸರಿನ ಜಾಗದಲ್ಲಿ ಹತ್ತು ಜನರ ಹೆಸರಿರುವ ಕಾರಿಗೆ ಕಂತು ಎಷ್ಟೆಂದು ಅವರೇ ಹೇಳಬೇಕಾಗುತ್ತದೆ.

ಇಂತಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ತುಮಕೂರು