ರಾಯಭಾರಿಗಳು ತಿಕೋಟಾಕ್ಕೂ ಬರಲಿ

ಮಾನ್ಯ ಸಂಪಾದಕರೇ,

ವಿದೇಶಿ ರಾಯಭಾರಿಗಳು ವಿಜಯಪುರಕ್ಕೆ ಬಂದರೆ ಬರೀ ಗೋಳಗುಮ್ಮಟ ನೋಡಿ ಹೋಗಬಾರದು. ಇದೇ ಜಿಲ್ಲೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರ ಜೊತೆ ಒಂದು ತಾಸು ಕೂತು ಮಾತಾಡಬೇಕು. ಜಗತ್ತಿನ ವಿಚಾರ ನಮಗೇನು ದೂರದ್ದಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ದರ ಏರಿದ್ದು ನಮ್ಮ ಅಡುಗೆಮನೆಗೇ ತಟ್ಟಿತು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಸರಕು ಇಡೀ ಆಫ್ರಿಕಾ ಸುತ್ತಿ ಹೋಗುವಂತಾಯಿತು. ಹಸಿ ದ್ರಾಕ್ಷಿ ಅಷ್ಟು ದಿನ ತಡೆಯೋದು ಕಷ್ಟ ಅಲ್ವಾ? ಇಲ್ಲಿ ಶೆಡ್ಡಿನೊಳಗೆ ಬಲೆ ಮೇಲೆ ಹಣ್ಣು ಒಣಗಿಸುವ ರೈತನಿಗೆ ನಮ್ಮ ಮಾರುಕಟ್ಟೆಗೆ ಬರುವ ಅಫ್ಗಾನಿಸ್ತಾನದ ಒಣದ್ರಾಕ್ಷಿ ಬಗ್ಗೆ ಕೇಳೋದು ಬಹಳ ಇದೆ. ಜಿಲ್ಲಾಡಳಿತ ಇಂಥ ಸಭೆ ಕರೆಯಲಿ. ಕನ್ನಡಕ್ಕೆ ಅನುವಾದಿಸುವವರು ಇರಲಿ, ಭಾಷಣ ಕಡಿಮೆಯಾಗಲಿ, ಪ್ರಶ್ನೆಗೆ ಜಾಸ್ತಿ ಹೊತ್ತು ಸಿಗಲಿ.

– ಒಬ್ಬ ಓದುಗ, ವಿಜಯಪುರ